ಕಾಲಿಂಚು ಟೈಲರ್ ಕಂಡ ನೀಲಿ ಅಂಗಿ

ಕಾಲಿಂಚು ವ್ಯತ್ಯಾಸವನ್ನೂ ಬರಿಗಣ್ಣಲ್ಲೇ ಹಿಡಿಯುತ್ತಿದ್ದುದರಿಂದ ಬೀದಿಯವರೆಲ್ಲ ಅವನನ್ನು ಕಾಲಿಂಚು ಟೈಲರ್ ಎನ್ನುತ್ತಿದ್ದರು. ಮೂವತ್ತೆಂಟು ವರ್ಷ ಮಷಿನ್ ಮೇಲೆ ಬಗ್ಗಿದ ಬೆನ್ನು ಈಗ ಆರು ವರ್ಷದಿಂದ ಅವನ ಮಾತು ಕೇಳುತ್ತಿರಲಿಲ್ಲ. ಎಕ್ಸ್‌ರೇಯಲ್ಲಿ ಹೇಳಿಕೊಳ್ಳುವಂಥದ್ದೇನೂ ಕಾಣಲಿಲ್ಲ, ಅಲ್ಲಿಗೆ ಮನೆಯವರ ಕನಿಕರವೂ ತೀರಿತು. "ಶುರುವಾಯ್ತು, ಹಾಡಿದ್ದೇ ಹಾಡೋ ಕಿಸಬಾಯಿ ದಾಸ" ಎಂದು ಮಗಳು ನಗುತ್ತಿದ್ದಳು. ಹೆಂಡತಿ ತುಟಿ ಬಿಚ್ಚದೆ ಬಿಸಿನೀರಿನ ಚೀಲ ತಂದಿಟ್ಟು ಹೋಗುತ್ತಿದ್ದಳು. ಅವನಿಗೆ ಅದೇ ಹೆಚ್ಚು ನೋಯುತ್ತಿತ್ತು. ತನ್ನ ನೋವು ಸುಳ್ಳಲ್ಲವೆಂದು ಮನೆಯಲ್ಲಿ ಒಬ್ಬರಾದರೂ ಒಪ್ಪಬೇಕು, ಅವನ ಆಸೆ ಇಷ್ಟೇ.

ನೋವಿನ ಡಾಕ್ಟರು ಈ ಸಲ ಮಾತ್ರೆಯ ಜೊತೆಗೆ, ಗುರುವಾರ ಗುರುವಾರ ಚಿತ್ರಶಾಲೆಗೆ ಹೋಗಿ ಎಂದು ಬರೆದುಕೊಟ್ಟರು. ಬಹುಕಾಲದ ನೋವಿರುವ ಏಳೆಂಟು ಜನ ಅಲ್ಲಿ ಒಂದೇ ಚಿತ್ರದ ಮುಂದೆ ಕೂತು ಮಾತಾಡುತ್ತಾರಂತೆ.

"ಹಲ್ಲುನೋವಿಗೆ ಕನ್ನಡಿ ತೋರಿಸಿದಂಗಾಯ್ತು" ಎಂದು ಗೊಣಗುತ್ತಲೇ ಹೋದ.

ಚಿತ್ರಶಾಲೆಯ ತಣ್ಣನೆಯ ದೊಡ್ಡ ಕೋಣೆ, ಮಡಿಸುವ ಕುರ್ಚಿಗಳು. ಚಿತ್ರದಲ್ಲಿ ನೀಲಿ ಅಂಗಿ ತೊಟ್ಟ ಹೆಂಗಸೊಬ್ಬಳು ಮೇಜಿಗೆ ಒರಗಿ ನಿಂತಿದ್ದಳು. "ಬರೆದವರು ಯಾರು, ಯಾವ ಕಾಲದ್ದು, ಏನೂ ಬೇಡ. ಕಂಡದ್ದು ಹೇಳಿ ಸಾಕು" ಎಂದಳು ಚಿತ್ರಶಾಲೆಯ ಹುಡುಗಿ.

"ಯಾರಿಗೋ ಕಾಯ್ತಿದ್ದಾಳೆ" ಎಂದ, ಮಂಡಿ ಸವೆದ ಬಸ್ ಡ್ರೈವರ್.

"ಅಲ್ಲ. ಈಯಮ್ಮನಿಗೆ ಎಡಭುಜ ನೋಯ್ತಿದೆ" ಎಂದ ಟೈಲರ್. "ನೋವಿಗೆ ಭುಜ ತಗ್ಗಿದೆ, ಅದಕ್ಕೇ ಎಡಗಡೆ ಭುಜದ ಹೊಲಿಗೆ ಇಳಿಸಿದ್ದಾರೆ, ನೋಡಿ. ಇಲ್ಲಾಂದ್ರೆ ಕುತ್ತಿಗೆ ಹತ್ರ ಸುಕ್ಕು ಬೀಳ್ತಿತ್ತು. ಹೊಲಿದವನಿಗೆ ಗೊತ್ತಿತ್ತು."

ಎಲ್ಲರೂ ಕತ್ತು ಮುಂದೆ ಚಾಚಿ ನೋಡಿದರು. ಡ್ರೈವರ್ ಕೇಳಿದ: "ಗೊತ್ತಿದ್ದವನು ಅವಳನ್ನ ಕೇಳಿದ್ನಾ, ನೋವಿದೆಯಾ ಅಂತ?"

"ಅದನ್ನೆಲ್ಲ ಯಾರು ಕೇಳ್ತಾರೆ? ಭುಜ ತಗ್ಗಿದ ಕಡೆ ಬಟ್ಟೆ ತಗ್ಗಿಸಿ ಹೊಲಿಯೋದು, ಅಷ್ಟೇ."

ಅಂದವನು ಚಿತ್ರದ ಆ ಎಡಭುಜವನ್ನೇ ಮತ್ತೆ ನೋಡಿದ. ಹೆಂಡತಿಯ ರವಿಕೆಗಳ ಎಡಭುಜವನ್ನೂ ಅವನೇ ಇಳಿಸುತ್ತ ಬಂದಿದ್ದ. ಮೊದಲು ಕಾಲಿಂಚು, ಆಮೇಲೆ ಅರ್ಧ, ಹೋದ ವರ್ಷ ಮುಕ್ಕಾಲು. ಅಳತೆ ಪುಸ್ತಕದಲ್ಲಿ ಅದೆಲ್ಲ ಅವನದೇ ಕೈಬರಹದಲ್ಲಿತ್ತು. ಓರೆ ಯಾರಿಗೂ ಕಾಣದಂತೆ ಹೊಲಿದೆನೆಂದು ಬೀಗಿದ್ದೂ ಉಂಟು. ಆ ಒಂದು ಗಂಟೆ ಅವನಿಗೆ ಬೆನ್ನಿನ ನೆನಪೇ ಬಂದಿರಲಿಲ್ಲ. ಏಳುವಾಗ ನೋವು ಇದ್ದಲ್ಲೇ ಇತ್ತು.

ಮನೆಗೆ ಬಂದಾಗ ಹೆಂಡತಿ ಬಲಗೈ ಒಂದರಲ್ಲೇ ಬಟ್ಟೆ ಒಣಹಾಕುತ್ತಿದ್ದಳು.

"ಎಡಭುಜ ನೋಯುತ್ತೇನೇ?"

ಅವಳ ಕೈ ಹಗ್ಗದ ಮೇಲೇ ನಿಂತಿತು. "ಒಂಬತ್ತು ವರ್ಷ ಆಯ್ತು."

"ಒಂದು ಮಾತು ಹೇಳಬಾರದಿತ್ತಾ?"

"ಪ್ರತಿ ಸಲ ನೀವೇ ಅಳತೆ ತಗೊಂಡು ರವಿಕೆ ಸರಿಮಾಡಿ ಕೊಡ್ತಿದ್ರಲ್ಲ. ಗೊತ್ತಿದ್ದೂ ಕೇಳ್ತಿಲ್ಲ ಅಂದ್ಕೊಂಡೆ."

ಅವನು ಒಳಗೆ ಹೋಗಿ ನೀರು ಕಾಯಿಸಿದ, ಚೀಲ ತುಂಬಿ ತಂದು ಅವಳ ಭುಜದ ಮೇಲೆ ಹಿಡಿದು ನಿಂತ. ಬೆನ್ನು ಸಿಡಿಯುತ್ತಿತ್ತು. ಅಂದು ಅದನ್ನು ಅವನು ಯಾರಿಗೂ ಹೇಳಲಿಲ್ಲ. ಅವಳೇ ಒಂದು ಕುರ್ಚಿ ಎಳೆದು ಅವನ ಹಿಂದೆ ಇಟ್ಟಳು.