ದೇವರ ಮನೆಯಲ್ಲಿ ಕೂಡಿಟ್ಟ ಜೋಳ

ಬೀಸುಕಲ್ಲಿನ ಗೂಟ ಹಿಡಿದು ಹಿಡಿದು ಅವ್ವನ ಬಲ ಅಂಗೈಯಲ್ಲಿ ದುಂಡಗೆ ಜಡ್ಡು ಕಟ್ಟಿತ್ತು. ಜ್ವರ ನೋಡಲು ಹಣೆ ಮುಟ್ಟಿದರೆ ಮೊದಲು ತಗಲುತ್ತಿದ್ದುದು ಆ ಜಡ್ಡೇ. ಆ ದಿನ ಮುಂಜಾನೆಯೂ ಎಂದಿನಂತೆ ಕಲ್ಲಿನ ಮುಂದೆ ಒಂದು ಕಾಲು ಚಾಚಿ ಕೂತು, ಮೊದಲು ಒಂದು ಹಿಡಿ ಜೋಳ ತೆಗೆದು ಪಕ್ಕದ ಕುಡಿಕೆಗೆ ಹಾಕಿದಳು. ಅದು ದೇವರ ಪಾಲು, ಭಾನುವಾರ ಪ್ರಾರ್ಥನೆ ಮನೆಯ ಗಡಿಗೆಗೆ ಹಾಕುವುದು. ಆಮೇಲೆ ಬೀಸತೊಡಗಿದಳು. ಬಳ್ಳಾರಿಯ ಕಾನ್ವೆಂಟಿನಿಂದ ರಜೆಗೆ ಬಂದಿದ್ದ ನಾನು ಪುಟ್ಟ ತಂಗಿಯ ತಲೆ ಬಾಚುತ್ತಿದ್ದೆ.

ಅವ್ವ ಇಲ್ಲಿಯವಳಲ್ಲ. ಗುಂಟೂರು ಕಡೆಯವಳು, ಮಿಷನ್ ಶಾಲೆಯ ಮಾಸ್ತರನಾಗಿದ್ದ ಅಪ್ಪನ ಕೈಹಿಡಿದು ಹೊಳೆ ದಾಟಿ ನಿಜಾಮರ ಸೀಮೆಗೆ ಬಂದಳು. ಅನ್ನ ಉಂಡು ಬೆಳೆದವಳು ಕುಷ್ಟಗಿ ಸಮೀಪದ ನಮ್ಮೂರಿನಲ್ಲಿ ರೊಟ್ಟಿ ಬಡಿಯಲು ಕಲಿತದ್ದು ಕ್ರೈಸ್ತ ಸಭೆಯ ಹೆಂಗಸರಿಂದ. ಅಪ್ಪ ತೀರಿಕೊಂಡ ಮೇಲೂ ತವರಿಗೆ ಹೋಗಲಿಲ್ಲ. ಪಾದ್ರಿಗಳು ಬರುತ್ತಿದ್ದದ್ದು ವರ್ಷಕ್ಕೆ ಒಂದೆರಡು ಸಲ. ಉಳಿದಂತೆ ಆರಾಧನೆ ನಡೆಸಲು, ಬಾಣಂತಿಯ ಹತ್ತಿರ ಕೂರಲು, ಹೆಣದ ಮುಂದೆ ಪ್ರಾರ್ಥನೆ ಹೇಳಲು ಎಲ್ಲದಕ್ಕೂ ಅವ್ವನೇ. ಜನ ಅವಳನ್ನು ‘ಅಮ್ಮಾರು’ ಅನ್ನುತ್ತಿದ್ದರು.

“ಅಮ್ಮಾರ, ಪ್ರಾರ್ಥನಿ ಕನ್ನಡದಾಗ ಸುರು ಮಾಡ್ತೀರಿ, ಅಳು ಬಂತಂದ್ರ ತೆಲುಗು ಆಗತೈತಿ. ದೇವರಿಗೆ ಎರಡೂ ತಿಳೀತಾವೇನ್ರಿ?” ಎಂದು ಹೆಂಗಸರು ಕಾಡಿಸುತ್ತಿದ್ದರು.

“ದೇವರೇನು ನಿಜಾಮರ ಕಚೇರಿಯೇನವ್ವ, ಉರ್ದೂ ಒಂದ ಓದಾಕ?” ಅನ್ನುತ್ತಿದ್ದಳು ಅವ್ವ.

ಅದು ಎರಡನೇ ಮಹಾಯುದ್ಧದ ಕಾಲ. ಸರಕಾರದವರು ಮನೆಮನೆ ಹೊಕ್ಕು ಲೆವಿ ಅಂತ ಕಡ್ಡಾಯವಾಗಿ ಜೋಳ ಅಳೆದೊಯ್ಯುತ್ತಾರೆಂಬ ಸುದ್ದಿ ಹಬ್ಬಿತ್ತು. ಸಭೆಯವರೆಲ್ಲ ಕೂಲಿ ಜನ. ಸುಗ್ಗಿಯಲ್ಲಿ ಕೂಲಿಗೆ ಬಂದ ಕಾಳನ್ನೇ ಮುಂದಿನ ಸುಗ್ಗಿಯವರೆಗೆ ತಿನ್ನಬೇಕು. ಹೆದರಿ ಬಂದವರಿಗೆ ಅವ್ವ ಹೇಳಿದಳು: “ಪ್ರಾರ್ಥನಿ ಮನ್ಯಾಗ ತಂದಿಡ್ರಿ. ದೇವರ ಮನ್ಯಾಗ ಯಾರೂ ಕೈ ಹಾಕಂಗಿಲ್ಲ.” ಹೆಂಗಸರು ಸೆರಗಿನಲ್ಲಿ, ಬುಟ್ಟಿಯಲ್ಲಿ ಹೊತ್ತು ತಂದು ಚೀಲಗಳಿಗೆ ಸುರಿದರು. ನಮ್ಮ ಮನೆಯದು ಮಾತ್ರ ಮನೆಯಲ್ಲೇ ಉಳಿಯಿತು. ಮೊದಲು ಅವರದು ಸೇರಲಿ ಎಂದಿದ್ದಳು.

ಆ ದಿನ ಬಿಸಿಲೇರುವ ಹೊತ್ತಿಗೆ ಲೆವಿ ವಸೂಲಿಯ ಗಿರ್ದಾವರ ಸಾಹೇಬರು ಬಂದರು. ಒರಟು ಮನುಷ್ಯರಲ್ಲ. ಬೂಟು ಹೊರಗೆ ಬಿಟ್ಟು, ತಲೆ ತಗ್ಗಿಸಿ ಪ್ರಾರ್ಥನೆ ಮನೆಯೊಳಗೆ ಬಂದು, ಚೀಲಗಳನ್ನು ನೋಡಿ ನಿಟ್ಟುಸಿರು ಬಿಟ್ಟರು.

“ಒಂದೊಂದು ಮನ್ಯಾಗ ಇದ್ದಿದ್ರ ಹೊಟ್ಟಿಗೆ ಅಂತ ಬಿಡತಿದ್ದೆ ಅಮ್ಮ. ಒಂದ ಕಡಿ ಕೂಡೇತಿ, ಇದು ದಾಸ್ತಾನು.”

“ಇದು ಎಲ್ಲಾರ ಮನೀದ್ರಿ ಸಾಹೇಬ್ರ.”

“ಎಲ್ಲಾರದು ಅಂತ ಹೆಂಗ ಬರೀಲಿ? ಒಂದು ಹೆಸರು ಹೇಳ್ರಿ. ಅವರ ಮ್ಯಾಲೆ ಕೇಸು ಆಗತೈತಿ.”

ಅವ್ವ ತನ್ನ ಹೆಸರು ಹೇಳಿದಳು.

ಗಾಡಿ ತುಂಬುವಾಗ ಹೆಂಗಸರು ಗೋಡೆಗುಂಟ ನಿಂತಿದ್ದರು. ಅವರು ನೋಡುತ್ತಿದ್ದುದು ಸಾಹೇಬರನ್ನಲ್ಲ, ಅವ್ವನನ್ನು.

ಮಧ್ಯಾಹ್ನ ಅವ್ವ ನಮ್ಮ ಗಡಿಗೆಗಳನ್ನು ಅಂಗಳಕ್ಕೆ ತಂದು, ಇದ್ದ ಜೋಳವನ್ನೆಲ್ಲ ಆ ಮನೆಗಳಿಗೆ ಹಂಚಿದಳು. ಕೊನೆಯ ಗಡಿಗೆಯನ್ನು ಬೋರಲು ಹಾಕಿ ತಟ್ಟುವಾಗ ತಂಗಿ, “ಅವ್ವ, ನಮಗ?” ಅಂದಳು. ಅವ್ವ ಗಡಿಗೆಯನ್ನು ಇನ್ನೊಮ್ಮೆ ತಟ್ಟಿದಳು.

ಆಮೇಲಿನ ದಿನಗಳಲ್ಲಿ ಸೊಪ್ಪು ಬೇಯಿಸಿ ತಿಂದೆವು. ಮೊದಲೇ ಕಡ್ಡಿಯಂತಿದ್ದ ತಂಗಿ ಭೇದಿಯಲ್ಲಿ ಹೋದಳು. ಅವಳನ್ನು ಹೂಳುವಾಗಲೂ ಪ್ರಾರ್ಥನೆ ಹೇಳಿದವಳು ಅವ್ವನೇ. ಆ ದಿನ ಮಾತ್ರ ಕನ್ನಡ ತೆಲುಗಾಗಲಿಲ್ಲ.

ಭಾನುವಾರದ ಆರಾಧನೆ ನಿಲ್ಲಲಿಲ್ಲ. ಹೆಂಗಸರು ಮುಷ್ಟಿ ಬಿಗಿ ಹಿಡಿದೇ ಬರುತ್ತಿದ್ದರು. ದೇವರ ಗಡಿಗೆಯೊಳಗೆ ಕೈ ಇಳಿಸಿ ಬಿಚ್ಚುತ್ತಿದ್ದರು. ಕಾಳು ಬಿದ್ದ ಸದ್ದು ಬರುತ್ತಿರಲಿಲ್ಲ. ಅಮ್ಮಾರಿಗೆ ಮುಜುಗರ ಆಗಬಾರದೆಂದು ಬರಿಗೈ ಮುಚ್ಚಿಕೊಂಡು ಬರುತ್ತಿದ್ದರು. ಅವ್ವ ಕೀರ್ತನೆ ಹಾಡುತ್ತಲೇ ಆ ಗಡಿಗೆಯ ಕಡೆ ಕಿವಿಯಿಟ್ಟಿರುತ್ತಿದ್ದಳು. ನನಗೆ ತಿಳಿಯುತ್ತಿತ್ತು. ಮರುವರ್ಷ ಚಳಿಜ್ವರ ಅವಳನ್ನು ಒಯ್ದಾಗ ಹೆಣದ ಮುಂದೆ ಪ್ರಾರ್ಥನೆ ಹೇಳುವವರು ಯಾರೂ ಉಳಿದಿರಲಿಲ್ಲ. ನನಗೆ ಬಾಯಿಗೆ ಬಂದದ್ದು ಕಾನ್ವೆಂಟಿನ ಇಂಗ್ಲಿಷ್ ಪ್ರಾರ್ಥನೆ. ಒಬ್ಬರಿಗೂ ಅರ್ಥವಾಗಲಿಲ್ಲ. ಆದರೂ ಕೊನೆಗೆ ಎಲ್ಲರೂ ಆಮೆನ್ ಅಂದರು.

ಇಷ್ಟು ವರ್ಷ ಸಂಸಾರ ಮಾಡಿದ್ದೇನೆ. ಅವಳು ಮಾಡಿದ್ದು ಸರಿಯೋ ತಪ್ಪೋ ಎಂದು ನನಗಿನ್ನೂ ಹೇಳಲು ಬಾರದು. ಆದರೆ ಅವ್ವ ಒಳಗೊಳಗೇ ಮುರಿದದ್ದು ಗಾಡಿ ಹೋದಾಗ ಅಲ್ಲ. ಅದೇ ದಿನ ಸಂಜೆ ಅವಳು ಬರಿದಾದ ಗಡಿಗೆಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಳು. ಬಾಜೂ ಮನೆಯ ಗೌಡತಿ ಗೋಡೆಯ ಮೇಲಿಂದ ಇಣುಕಿದರು. ಕೆಟ್ಟ ಹೆಂಗಸಲ್ಲ, ಹಬ್ಬಕ್ಕೆ ನಮಗೆ ಹೋಳಿಗೆ ಕಳಿಸುತ್ತಿದ್ದವರು.

“ಎಲ್ಲಾ ಒಯ್ದರಂತಲ್ರಿ. ಹೋಗ್ಲಿ ಬಿಡ್ರಿ ಅಮ್ಮಾರ, ನಿಮ್ಮ ಮಂದಿಗೇನು, ಉಪಾಸ ರೂಢಿ ಐತಿ. ನಿಮ್ಮ ಹಿಟ್ಟು ಸೋಸೋ ಸಾಣಿಗಿ ಒಂದೀಟು ಕೊಡ್ರಿ, ನಮ್ಮದು ಹರದೈತಿ.”