ಆಲದ ಮರಕ್ಕೆ ಕಟ್ಟಿದ ಮಾಸು

ನನ್ನ ಗಂಡನ ಅಣ್ಣ ತನಗೆ ತಿಳಿಯದ ವಿಷಯವೇ ಲೋಕದಲ್ಲಿಲ್ಲ ಎನ್ನುವ ಪೈಕಿ. ಭಾವನಿಗೆ ಬಹುವಚನ ಹಾಕಬೇಕು ಅನ್ನುತ್ತಾರೆ, ನನ್ನಿಂದಾಗದು. ಕೊಳಾಲದ ಹತ್ತಿರ ನಮ್ಮ ಎರಡೂ ಮನೆಗೆ ಒಂದೇ ಕೊಟ್ಟಿಗೆ, ನಡುವೆ ಮೋಟುಗೋಡೆ. ಒಂದೇ ಮಳೆಗಾಲದಲ್ಲಿ ಇಬ್ಬರ ಹಸುಗಳೂ ಹೆಣ್ಣುಗರು ಹಾಕಿದವು. ದೊಡ್ಡವಾಗಿ ಗಬ್ಬವಾದಾಗ ತಿಂಗಳು ತುಂಬುವ ಮೊದಲೇ ಕಂದು ಹಾಕದಿರಲೆಂದು ಹೆಣ್ಣುಗರುಗಳಿಗೆ ಒಂದು ಲಸಿಕೆಯಿದೆ. ಅದನ್ನು ಹಾಕುವವರು ಬಂದ ದಿನ ಭಾವ ತನ್ನ ಕರುವನ್ನು ಅಡುಗೆಮನೆಯಲ್ಲಿ ಕಟ್ಟಿ, ಚಿಲಕ ಹಾಕಿ, ಜಗಲಿಯ ಮೇಲೆ ಬೀಡಿ ಸೇದುತ್ತಾ ಕೂತ. ಒಳಗೆ ಕರು ಅಂಬಾ ಎನ್ನುತ್ತಿದ್ದರೂ "ನಮ್ತಾವ ಕರ ಇಲ್ಲ ಸಾರ್" ಅಂದ! ನಾನು ನಮ್ಮದಕ್ಕೆ ಹಾಕಿಸಿದೆ.

"ಸೂಜಿ ಚುಚ್ಚಿದ ಕರ ಗೊಡ್ಡು ಬೀಳ್ತದೆ ಕಣಮ್ಮ. ಇನ್ನು ನೀನು ಹಾಲು ಕಂಡಂಗೇ ಬುಡು" ಎಂದು ಕೇರಿಗೆಲ್ಲ ಕೇಳುವಂತೆ ಸಾರಿದ. ನಮ್ಮ ಹಳೇ ಹಸುವಿಗೆ ವಯಸ್ಸಾಗಿತ್ತು, ಆ ಕರುವನ್ನೇ ನಂಬಿದ್ದವಳು ನಾನು. ಒಳಗೊಳಗೇ ಹೆದರಿದ್ದೆ.

ಕಾಲ ಬಂದಾಗ ಎರಡೂ ಗಬ್ಬವಾದವು. ಏಳನೇ ತಿಂಗಳಲ್ಲಿ ಅವನದು ಕಂದು ಹಾಕಿತು. ಸತ್ತ ಕರುವನ್ನೂ ಅದರ ಹಿಂದೆ ಬಿದ್ದ ಮಾಸನ್ನೂ ಸುಣ್ಣ ಹಾಕಿ ಆಳಕ್ಕೆ ಹೂಳಿ, ಅದರಿಂದಲೇ ರೋಗ ಹರಡುವುದು ಅಂತ ಪಶುವೈದ್ಯರು ಹೇಳಿಹೋದರು. ಮಹಾನುಭಾವ ಮಾಡಿದ್ದೇನು? ಹಾಲು ಒಸರುವ ಮರಕ್ಕೆ ಕಟ್ಟಿದರೆ ಹಸುವಿಗೂ ಹಾಲು ಹೆಚ್ಚುತ್ತದೆಂದು ಮಾಸನ್ನು ಗೋಣಿಚೀಲಕ್ಕೆ ತುಂಬಿ ಆಲದ ಮರಕ್ಕೆ ನೇತುಹಾಕಿದ. ಕರುವೇ ಇಲ್ಲದ ಹಸುವಿಗೆ ಹಾಲಂತೆ, ಥೂ! ಊರ ದನವೆಲ್ಲ ಮಲಗುವ ನೆರಳು ಅದು. ನಾನೇ ಕೈಗೆ ಪ್ಲಾಸ್ಟಿಕ್ ಕವರು ಸುತ್ತಿಕೊಂಡು, ಕುಡುಗೋಲಿನಿಂದ ಕೊಯ್ದು ಇಳಿಸಿ ಹೂತೆ.

"ನಿನ್ನ ಸೂಜಿ ಹಸುವಿಂದ್ಲೇ ನಮ್ದಕ್ಕೆ ಅಂಟಿದ್ದು!" ಎಂದು ಕೂಗಾಡಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಆಮೇಲೆ ನನಗೆ ಸರಿಯಾಗಿ ನಿದ್ದೆಯಿಲ್ಲ. ಹಸು ಕೆಮ್ಮಿದರೂ ಎದ್ದು ಹೋಗಿ ನೋಡುತ್ತಿದ್ದೆ. ಕೊನೆಗೆ ಒಂದು ಮಧ್ಯಾಹ್ನ, ತಿಂಗಳು ತುಂಬಿ, ನಮ್ಮ ಹಸು ಹೆಣ್ಣುಗರು ಹಾಕಿತು. ಅದರ ಕೊರಳು ತಬ್ಬಿಕೊಂಡು ಅತ್ತುಬಿಟ್ಟೆ.

ಗಿಣ್ಣು ಬೇಯಿಸಿದ ದಿನ ಎಲ್ಲರಿಗಿಂತ ಮೊದಲು ಬಂದು ಕೂತವನು ಭಾವನೇ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಿರಲಿಲ್ಲ.

"ನಮ್ಮ ಕೊಟ್ಟಿಗೆ ಗುಣ ಅಂಗೈತೆ. ಈ ಕರಕ್ಕಾದ್ರೂ ಸೂಜಿ ಗೀಜಿ ಹಾಕಿಸ್ಬ್ಯಾಡ" ಅಂದ.

ಅವನ ಹೆಂಡತಿ, ನನ್ನ ಓರಗಿತ್ತಿ, ತಟ್ಟೆ ಮುಟ್ಟಲಿಲ್ಲ. ಕರುವಿನ ಬೆನ್ನು ಸವರುತ್ತಾ, "ನಮ್ದೂ ಇಷ್ಟೊತ್ಗೆ ಓಡಾಡ್ತಿತ್ತು ಕಣೇ" ಅಂದಳು.

ಭಾವ ಬೆರಳು ನೆಕ್ಕಿ ಇನ್ನೊಂದು ತುಂಡು ಕೇಳಿದ.