ವಸುಧಾ ಆಂಟಿಯ ಮೌನಾಭ್ಯಾಸ

ವಸುಧಾ ಆಂಟಿ ಮಾತು ನಿಲ್ಲಿಸುತ್ತಿದ್ದುದು ಕೋಡುಬಳೆ ಕಡಿಯುವಾಗ ಮಾತ್ರ; ಆಗಲೂ ಸದ್ದು ನಿಲ್ಲುತ್ತಿರಲಿಲ್ಲ. ಐರ್ಲೆಂಡಿನ ಲೆಟರ್‌ಕೆನ್ನಿ ಊರಿನ ಆಸ್ಪತ್ರೆಯಲ್ಲಿ ಅವರು ಅರಿವಳಿಕೆ ವೈದ್ಯೆ. ರೋಗಿಗಳು ಔಷಧಿಗಿಂತ ಮೊದಲೇ ತಮ್ಮ ಮಾತಿಗೆ ನಿದ್ದೆಹೋಗುತ್ತಾರೆಂದು ತಾವೇ ನಗುತ್ತಿದ್ದರು. ಪಕ್ಕದ ಮನೆಯಲ್ಲಿ ಕೂತು ಕಂಪ್ಯೂಟರ್ ಕೆಲಸ ಮಾಡುತ್ತಿದ್ದ ನಾನು ಅವರೆದುರು ‘ಹೂಂ’ ಎಂದರೆ ಅದೇ ದೊಡ್ಡ ಮಾತು.

ನಿವೃತ್ತಿಯಾಗಿ ಮೈಸೂರಿಗೆ ಮರಳುವ ಮುನ್ನ ಕಲಹರಿ ಮರುಭೂಮಿಯ ಸಿಂಹವನ್ನು ನೋಡಲೇಬೇಕೆಂಬುದು ಅವರ ಹಟ. ಅದಿರುವುದು ಬೋಟ್ಸ್ವಾನಾ, ದಕ್ಷಿಣ ಆಫ್ರಿಕಾ ಎರಡೂ ಸೇರಿ ಕಾಯುವ ಅಭಯಾರಣ್ಯದಲ್ಲಿ. ಒಣಗಿದ ನದಿಯೇ ಗಡಿ, ಬೇಲಿಯಿಲ್ಲ. ಕೊರೊನಾದಿಂದ ಟಿಕೆಟ್ ಎರಡು ಸಲ ರದ್ದಾಯಿತು. ಜೊತೆಗೆ ಬರಬೇಕಿದ್ದ ಗೆಳತಿಯರೂ ಹಿಂದೆ ಸರಿದರು, ವೈರಸ್ಸಿಗಲ್ಲ, ಇವರ ಮಾತಿಗೆ ಹೆದರಿ. ಅಲ್ಲಿ ಕಾರಿನಿಂದ ಇಳಿಯುವಂತಿಲ್ಲ. ಗಂಟೆಗಟ್ಟಲೆ ಸದ್ದಿಲ್ಲದೆ ಕಾಯಬೇಕು. “ನೀವಿದ್ರೆ ಇಲಿನೂ ಬರಲ್ಲ” ಎಂದುಬಿಟ್ಟರಂತೆ. ಆ ಮಾತು ನಾಟಿತು.

“ನೀನು ಬಾರೇ. ನಿಂಗೆ ಸುಮ್ನಿರೋದು ಬರುತ್ತೆ, ನಂಗೆ ಕಲಿಸು.”

ಮನೆಯಿಂದ ಐದು ಕಿಲೋಮೀಟರ್ ದಾಟಬಾರದೆಂಬ ಲಾಕ್‌ಡೌನಿನ ಆ ಚಳಿಗಾಲದಲ್ಲಿ ಒಂಟಿಯಾಗಿರುವವರು ಇನ್ನೊಂದು ಮನೆಯವರೊಡನೆ ಬೆರೆಯಬಹುದಿತ್ತು. ಆಂಟಿ ನನ್ನನ್ನು ಆರಿಸಿಕೊಂಡರು. ಅಳಿವೆಯ ಅಂಚಿನಲ್ಲಿ ಕಾರು ನಿಲ್ಲಿಸಿ, ಕಿಟಕಿ ಇಳಿಸಿ ಅಭ್ಯಾಸ ಶುರುವಾಯಿತು. ಮೊದಲ ದಿನ ಅವರು ನಿಜಕ್ಕೂ ಮಾತಾಡಲಿಲ್ಲ; ತಡೆಯಲಾರದೆ ಕೋಡುಬಳೆಯೊಂದನ್ನು ಬಾಯಿಗಿಟ್ಟರು. ಕಟುಂ ಎಂದದ್ದೇ ಬಾತುಕೋಳಿಗಳೆಲ್ಲ ಹಾರಿಹೋದವು.

“ಗ್ರ್ಯಾಂಡ್” ಎಂದರು, ಐರಿಶರು ‘ಸರಿ ಬಿಡು’ ಅನ್ನುವ ಧಾಟಿಯಲ್ಲಿ. “ಇನ್ಮೇಲೆ ಚಪಾತಿ.”

ಪ್ರಯಾಣದ ನಿರ್ಬಂಧ ಸಡಿಲಾದ ಮೇಲೆ ಹೋದೆವು. ಕೆಂಪು ಮರಳು, ಎಂಜಿನ್ ಆರಿಸಿದ ಕಾರು, ತೊಡೆಯ ಮೇಲೆ ಮೆತ್ತನೆಯ ಚಪಾತಿ. ಸಿಂಹ ಮಾತ್ರ ಇಲ್ಲ. ಕೊನೆಯ ಬೆಳಗ್ಗೆ ಬೋಟ್ಸ್ವಾನಾ ಕಡೆಯ ಪೊದೆಯಿಂದ ಕಪ್ಪು ಕೇಸರದ ಸಿಂಹವೊಂದು ಎದ್ದು, ಯಾವ ಕೋವಿಡ್ ವರದಿಯೂ ಇಲ್ಲದೆ, ನದಿಯ ಪಾತ್ರ ದಾಟಿ ನಮ್ಮತ್ತ ನಡೆದು ಬಂತು. ಆಂಟಿ ತುಟಿ ಬಿಗಿದು ಕೂತಿದ್ದರು, ಕಣ್ಣು ತುಂಬಿತ್ತು. ನನಗೇ ತಡೆಯಲಾಗಲಿಲ್ಲ.

“ಆಂಟಿ, ಬಂತು, ನೋಡಿ, ಪಾದ ನೋಡಿ ಎಷ್ಟ್ ದೊಡ್ಡದು, ನಮ್ ಕಡೇನೇ ಬರ್ತಿದೆ...”

ಅವರು ನನ್ನ ಬಾಯಿ ಮುಚ್ಚಿದರು. ಸಿಂಹ ಲಕ್ಷ್ಯಕ್ಕೇ ತೆಗೆದುಕೊಳ್ಳದೆ ಕಾರಿನ ಪಕ್ಕದಲ್ಲೇ ಹಾದುಹೋಯಿತು. ಅದು ಮರೆಯಾದ ಮೇಲೆ ಆಂಟಿ ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಲೆಟರ್‌ಕೆನ್ನಿ ಸೇರುವವರೆಗೆ ಮಾತು ನಿಲ್ಲಿಸಲಿಲ್ಲ.

ಮೈಸೂರಿಗೆ ಹೊರಡುವ ದಿನ ಡಬ್ಬಿ ತುಂಬ ಕೋಡುಬಳೆ ಕೊಟ್ಟು, “ತಗೋ, ಇನ್ನು ನಿಷೇಧ ಇಲ್ಲ” ಎಂದರು. ಆ ಭಾನುವಾರ ನಾನೊಬ್ಬಳೇ ಅಳಿವೆಯ ಬಳಿ ಕಾರು ನಿಲ್ಲಿಸಿ, ಕಿಟಕಿ ಇಳಿಸಿ, ಒಂದನ್ನು ಕಡಿದೆ. ಬಾತುಗಳು ಎದ್ದವು. “ನೋಡಿ ಆಂಟಿ” ಎಂದು ಪಕ್ಕದ ಖಾಲಿ ಸೀಟಿನತ್ತ ತಿರುಗಿದವಳು, ಕತ್ತಲಾಗುವವರೆಗೆ ಮಾತಾಡುತ್ತಲೇ ಇದ್ದೆ.